ಹ್ಯೂಸ್ಟನ್ನಿನಲ್ಲಿ ಬಿಟ್ಟೆದ್ದ ಊಟ

ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಮನೆಯಿಂದ ಬೆಳಿಗ್ಗೆ ಏಳು ಗಂಟೆಗೆ ಹೊರಟೆವು. ಕಾರು ಓಡಿಸುತ್ತಿದ್ದವಳು ನನ್ನ ತಂಗಿಯ ಮಗಳು ವಸುಧಾ. ಡಲ್ಲಾಸಿನಲ್ಲಿ ಹಲ್ಲಿನ ಡಾಕ್ಟರು. ತಂಗಿ ತೀರಿಕೊಂಡಾಗ ಅವಳಿಗೆ ಊರಿಗೆ ಬರಲಾಗಿರಲಿಲ್ಲ. ಎರಡು ವರ್ಷ ಕಳೆದು, 2014ರ ಬೇಸಿಗೆಯಲ್ಲಿ, ಟಿಕೆಟ್ ಕಳಿಸಿ ನನ್ನನ್ನು ಕರೆಸಿಕೊಂಡಿದ್ದಳು. ಮೊದಲು ಹ್ಯೂಸ್ಟನ್ ಬಳಿ ಅವಳದೊಂದು ಮೀಟಿಂಗು, ಅಲ್ಲಿಂದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಅವಳ ಗೆಳತಿಯ ಗೃಹಪ್ರವೇಶ, ಮತ್ತೆ ಡಲ್ಲಾಸ್. ಇದು ನಮ್ಮ ದಾರಿ. ಗೃಹಪ್ರವೇಶದ ಪೂಜೆ ಸಾಮಾನನ್ನೆಲ್ಲ ನಾನೇ ಮೈಸೂರಿನಿಂದ ತಂದಿದ್ದೆ.

ಮೈಸೂರಿನಲ್ಲಿ ನನ್ನದು ಗ್ರಂಥಿಗೆ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ದರ್ಭೆ, ಎಳ್ಳು, ಕರ್ಪೂರ ಮಾರುತ್ತಾ ಮಾರುತ್ತಾ ಶಾಸ್ತ್ರವೆಲ್ಲ ಬಾಯಿಪಾಠವಾಗಿತ್ತು. ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಸೂತಕ ಯಾರಿಗೆ ಎಷ್ಟು ದಿನ, ಏನು ಮಾಡಬಹುದು, ಏನು ಕೂಡದು ಎಂದು ಪುರೋಹಿತರಿಗಿಂತ ಮೊದಲು ನನ್ನನ್ನು ಕೇಳುತ್ತಿದ್ದರು. ಹೇಳುವುದು ನನಗೂ ಇಷ್ಟವೇ ಆಗಿತ್ತು.

ಹ್ಯೂಸ್ಟನ್‌ಗೆ ಇನ್ನೂರ ನಲವತ್ತು ಮೈಲಿ. ದಾರಿಯುದ್ದಕ್ಕೂ ಹುಲ್ಲುಗಾವಲು, ಲಾರಿಗಳು, ಮತ್ತೆ ಹುಲ್ಲುಗಾವಲು. ಹ್ಯೂಸ್ಟನ್ ಹೊರವಲಯದ ದ ವುಡ್‌ಲ್ಯಾಂಡ್ಸ್‌ನಲ್ಲಿ ವಸುಧಾಳ ಮೀಟಿಂಗು ಮುಗಿಯುವಷ್ಟರಲ್ಲಿ ಒಂದೂವರೆ. ಕಾರಿನಿಂದಿಳಿದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಊರಿನ ಇನ್ನೊಂದು ಬದಿಯಲ್ಲಿ, ಟೈರ್ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ, ನಮ್ಮವರ ಪುಟ್ಟ ಹೋಟೆಲೊಂದು ಇದೆ ಎಂದು ಕರೆದುಕೊಂಡು ಹೋದಳು. ಆರೇ ಮೇಜು. ಊಟಕ್ಕೆ ಹತ್ತು ಡಾಲರ್. ಬಡಿಸಲು ಬಂದ ಹೆಂಗಸು ಮಾಲತಿ, ಉಡುಪಿ ಕಡೆಯವರು. ನಾವು ಕನ್ನಡದಲ್ಲಿ ಮಾತಾಡಿದ್ದೇ ತಡ, ಒಳಗಿದ್ದ ಗಂಡನನ್ನು ಕೂಗಿದರು.

ಬೋಳು ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು, ಸೌಟು ಹಿಡಿದೇ ಶ್ರೀಧರ ಬಂದ. ನಲವತ್ತರ ಆಸುಪಾಸು.

"ಮೈಸೂರಿನವರಾ? ಹಾಗಾದ್ರೆ ಹುಳಿಗೆ ಬೆಲ್ಲ ಹೆಚ್ಚಾಯ್ತು ಅಂತ ಈಗ ಜಗಳ ಉಂಟು!" ಎಂದ.

"ಬೆಲ್ಲ ಹಾಕದಿದ್ರೆ ನೀವು ಉಡುಪಿಯವರು ಹೇಗಾಗ್ತೀರಪ್ಪ?" ಎಂದೆ. ಎಲ್ಲರೂ ನಕ್ಕೆವು.

ಬೂದುಗುಂಬಳದ ಹುಳಿ, ಬೀನ್ಸ್ ಪಲ್ಯ, ಸಾರು. ಊರು ಬಿಟ್ಟ ಮೇಲೆ ಅಂಥ ಊಟ ಮಾಡಿರಲಿಲ್ಲ. ಬೇಡವೆಂದರೂ ಅವನು ಇನ್ನೊಂದು ಸೌಟು ಹುಳಿ ಹಾಕಿದ. "ನನ್ನ ಅಮ್ಮ ಮಾಡುವ ಹುಳಿ ಇದು ಸಾರ್. ಹಿರಿಯರು ನೀವು, ಸರಿಯಾಗಿದೆಯಾ ಹೇಳಿ." ನಾನು ಅವನ ತಲೆ ನೋಡಿ, "ತಿರುಪತಿಗೆ ಹೋಗಿದ್ರಾ?" ಎಂದು ಕೇಳಿದೆ.

"ಇಲ್ಲ ಸಾರ್. ಅಮ್ಮ ತೀರಿಹೋದ್ರು, ನಾಲ್ಕು ದಿನ ಆಯ್ತು. ವೀಸಾದ ಕಾಗದ ನಡೀತಾ ಉಂಟು, ಈಗ ಹೊರಗೆ ಹೋದ್ರೆ ವಾಪಸ್ ಬಿಡುದಿಲ್ಲವಂತೆ. ಊರಲ್ಲಿ ತಮ್ಮ ಕ್ರಿಯೆಗೆ ಕೂತಿದ್ದಾನೆ. ನಾನು ಇಲ್ಲೇ ಮಂಡೆ ಬೋಳಿಸಿಕೊಂಡೆ. ನನ್ನಿಂದ ಆದದ್ದು ಅಷ್ಟೇ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಎದ್ದು ಕೈ ತೊಳೆದು ಬಂದೆ.

"ಹತ್ತು ದಿನ ಕಳೆಯೋ ಮುಂಚೆ ಒಲೆ ಮುಂದೆ ನಿಂತು ನಾಲ್ಕು ಜನಕ್ಕೆ ಬಡಿಸಬಹುದೇನಪ್ಪ? ನಾನು ಶುಭಕಾರ್ಯಕ್ಕೆ ಹೊರಟವನು. ಮೊದಲೇ ಒಂದು ಮಾತು ಹೇಳಬಾರದಿತ್ತೇ?" ಎಂದೆ. ಮೆಲ್ಲಗೆ ಹೇಳಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಶ್ರೀಧರ ಸೌಟು ಹಿಡಿದು ಹಾಗೇ ನಿಂತಿದ್ದ. ನಾನು ಹೊರಗೆ ಬಂದು ಕಾರಿನ ಪಕ್ಕ ನಿಂತೆ.

ಆಸ್ಟಿನ್ ದಾರಿಯಲ್ಲಿ ವಸುಧಾ ಒಂದು ಗಂಟೆ ಕಾರು ಓಡಿಸಿದಳು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದವಳು, ಹಾಕಿಸಿದ ಮೇಲೂ ಕಾರು ಚಾಲೂ ಮಾಡದೆ ಸ್ಟೇರಿಂಗ್ ಹಿಡಿದು ಕೂತಳು.

"ಮಾವ, ಅಮ್ಮ ಹೋದಾಗ ಫೋನಲ್ಲಿ ನಿಮ್ಮನ್ನ ಕೇಳಿದ್ದೆ, ನಾನೇನು ಮಾಡ್ಲಿ ಅಂತ. ಏನಂದ್ರಿ, ನೆನಪಿದೆಯಾ?"

ನೆನಪಿತ್ತು. ಮದುವೆಯಾದ ಹೆಣ್ಣುಮಕ್ಕಳಿಗೆ ಮೂರೇ ದಿನ ಸೂತಕ, ಆಮೇಲೆ ತಲೆಗೆ ಸ್ನಾನ ಮಾಡಿ ಕೆಲಸಕ್ಕೆ ಹೋಗು ಎಂದಿದ್ದೆ.

"ಹೋದೆ. ನಾಲ್ಕನೇ ದಿನ ಕ್ಲಿನಿಕ್‌ಗೆ ಹೋಗಿ ಎಲ್ಲರ ಬಾಯಿ ನೋಡ್ದೆ. ಮೂರು ದಿನಕ್ಕೆ ಮುಗೀತು ಅಂದ್ರಿ. ಮುಗೀಲಿಲ್ಲ ಮಾವ. ನನಗೆ ಶಾಸ್ತ್ರ ಬೇಕಿರ್ಲಿಲ್ಲ, ಯಾರಾದ್ರೂ 'ಊಟ ಮಾಡಿದ್ಯಾ' ಅಂತ ಕೇಳಿದ್ರೆ ಸಾಕಿತ್ತು. ಆ ಮನುಷ್ಯ ಬೇರೇನು ಕೇಳ್ದ? ಅಮ್ಮನ ಅಡಿಗೆ ಸರಿಯಾಗಿದೆಯಾ ಅಂತ ತಾನೆ?"

ಸತ್ತವಳು ನನ್ನ ತಂಗಿ. ಅವಳ ಮಗಳಿಗೆ ನಾನು ಕೊಟ್ಟಿದ್ದು ದಿನದ ಲೆಕ್ಕ.

ಸೀಡರ್ ಪಾರ್ಕಿನಲ್ಲಿ ಒಂದೇ ಅಚ್ಚಿನ ಮನೆಗಳ ಸಾಲು. ಮರುದಿನ ಗೃಹಪ್ರವೇಶ ಚೆನ್ನಾಗಿಯೇ ನಡೆಯಿತು. ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡುವ ತರುಣರೊಬ್ಬರು ಪೌರೋಹಿತ್ಯಕ್ಕೆ ಬಂದಿದ್ದರು. ಅವರು ಸಹ ಎರಡು ಕಡೆ, "ಇದು ಹೀಗೇನಾ ಅಂಕಲ್?" ಎಂದು ನನ್ನನ್ನೇ ಕೇಳಿದರು. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ. ಹಿರಿಯನೆಂದು ಮೊದಲ ಎಲೆ ನನಗೇ ಹಾಕಿದರು. ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಬೆಳಗಾಗುತ್ತಲೇ ವಸುಧಾಳಿಗೆ ಹ್ಯೂಸ್ಟನ್ ಮೇಲೆ ಹೋಗೋಣ ಎಂದೆ.

"ಇಲ್ಲಿಂದ ಡಲ್ಲಾಸ್ ಮೂರೂವರೆ ಗಂಟೆ ಮಾವ. ಹಾಗೆ ಸುತ್ತಿದ್ರೆ ಇಡೀ ದಿನ ಡ್ರೈವ್ ಮಾಡ್ಬೇಕು."

"ಆ ಊಟ ಪೂರ್ತಿ ಮಾಡಿ ಬರಬೇಕಮ್ಮ."

ಅವಳು ನನ್ನ ಮುಖ ನೋಡಿ ಕಾರು ಹತ್ತಿದಳು.

ಹೋಟೆಲಿನ ಬಾಗಿಲು ತೆರೆದಿತ್ತು, ಒಳಗೆ ಒಬ್ಬ ಗಿರಾಕಿಯೂ ಇರಲಿಲ್ಲ. ಒಗ್ಗರಣೆಯ ವಾಸನೆಯೂ ಇಲ್ಲ. ಮಾಲತಿ ಚಿಪ್ಸು, ಬಿಸ್ಕತ್ತಿನ ಪೊಟ್ಟಣಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದರು. ಶ್ರೀಧರ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ. ನನ್ನನ್ನು ಕಂಡು ದಡಬಡಿಸಿ ಎದ್ದ.

"ಊಟಕ್ಕೆ ಬಂದಿದ್ದೀನಪ್ಪ. ಬಡಿಸು," ಎಂದೆ.

"ಅದು ಹೇಗೆ ಸಾರ್? ಒಲೆ ಹಚ್ಚಲಿಲ್ಲ. ನೀವು ಹೇಳಿದ ಮೇಲೆ ಹತ್ತು ದಿನ ಆಗುವವರೆಗೆ ಮುಟ್ಟುದಿಲ್ಲ ಅಂತ ಮಾಡಿದೆ."

ಮಾಲತಿ ತಲೆಯೆತ್ತದೆಯೇ ಹೇಳಿದರು: "ಅಡಿಗೆಮನೆಯಲ್ಲಿದ್ರೆ ಸ್ವಲ್ಪ ಸಮಾಧಾನ ಇತ್ತು ಇವರಿಗೆ. ಈಗ ಹೀಗೇ ಕೂತಿರ್ತಾರೆ. 'ಅಮ್ಮನ ಹೆಸರಲ್ಲಿ ಪಾಪ ಮಾಡಿಬಿಟ್ಟೆನಾ' ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

"ನಾನು ಹೇಳಿದ್ದು ತಪ್ಪು," ಎಂದೆ. "ನೀನು ಪಾಪ ಮಾಡಲಿಲ್ಲ. ಊಟ ಬಿಟ್ಟು ಎದ್ದವನು ನಾನು. ನಿನ್ನ ಅಮ್ಮನ ಹುಳಿ ಬಹಳ ಚೆನ್ನಾಗಿತ್ತು. ಒಲೆ ಹಚ್ಚಪ್ಪ."

ಅವನು ತಲೆಯಾಡಿಸಿದ. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಇಲ್ಲ ಸಾರ್, ನನ್ನ ಮನಸ್ಸು ನೋಯ್ತದೆ ಅಂತ ಹೇಳ್ತಿದ್ದೀರಿ. ಇಲ್ಲಿ ನಮಗೆ ಬುದ್ಧಿ ಹೇಳುವ ಹಿರಿಯರು ಯಾರಿದ್ದಾರೆ? ನೀವಾದ್ರೂ ಹೇಳಿದ್ರಲ್ಲ, ಅದೇ ದೊಡ್ಡದು."

ನಾನು ಅವನ ಕೈ ಹಿಡಿಯಲು ಮುಂದಾದೆ. ಅವನು ಗಾಬರಿಯಿಂದ ಹಿಂದೆ ಸರಿದ. "ಮುಟ್ಟಬೇಡಿ ಸಾರ್! ಮತ್ತೆ ನಿಮಗೆ ಸ್ನಾನ ಆಗಬೇಕು. ದೂರದ ದಾರಿ."

ಆಮೇಲೆ, "ಬರಿಹೊಟ್ಟೆಯಲ್ಲಿ ಕಳಿಸುದಿಲ್ಲ, ಕೂತುಕೊಳ್ಳಿ ಮಾರಾಯ್ರೆ" ಎಂದು ಕಾಗದದ ತಟ್ಟೆಯಲ್ಲಿ ಎರಡು ಬಾಳೆಹಣ್ಣು, ಪಕ್ಕದಲ್ಲಿ ಸೀಲ್ ಒಡೆಯದ ಹಾಲಿನ ಬಾಟಲಿ ತಂದಿಟ್ಟು ದೂರ ಸರಿದು ನಿಂತ. "ಸಿಪ್ಪೆ ಇರುವ ಹಣ್ಣು, ಸೀಲ್ ಇರುವ ಹಾಲು. ಇದಕ್ಕೆ ದೋಷ ಇಲ್ಲ ಅಲ್ವಾ ಸಾರ್?"

ಮಡಿವಂತರಿಗೆ ಕೊಡುವ ಉಪಚಾರ ಅದು. ದೋಷವಿಲ್ಲ ಎಂದೆ. ಆ ಆರು ಖಾಲಿ ಮೇಜುಗಳ ನಡುವೆ ಕೂತು ಎರಡೂ ಹಣ್ಣು ತಿಂದೆ, ಹಾಲು ಕುಡಿದೆ. ದುಡ್ಡು ಕೊಡಲು ಹೋದ ವಸುಧಾಳಿಗೆ ಮಾಲತಿ ಕೈ ಮುಗಿದುಬಿಟ್ಟರು.

ಕಾರು ಹಿಂದಕ್ಕೆ ತೆಗೆಯುವಾಗ ತಿರುಗಿ ನೋಡಿದೆ. ಗಾಜಿನಾಚೆ ಶ್ರೀಧರ ನನ್ನ ಮೇಜಿನ ಮುಂದೆ ಬಾಗಿದ್ದ. ದೊಡ್ಡವರು ಉಂಡೆದ್ದ ಎಲೆಯನ್ನು ಎತ್ತುವ ಹಾಗೆ, ಸಿಪ್ಪೆಯಿದ್ದ ಆ ಕಾಗದದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ.