ಬೀಡಿ ಮುಟ್ಟದ ಮನೆ

ಸ್ನೇಹಿತರೇ, ನನ್ನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇರುವುದು ನಿಮಗೆಲ್ಲ ಗೊತ್ತು. ನಾನು ಒಂದು ಸಿಗರೇಟನ್ನೂ ಸೇದಿದವನಲ್ಲ ಎನ್ನುವುದೂ ಗೊತ್ತು, ಏಕೆಂದರೆ ಯಾರೂ ಕೇಳದಿದ್ದರೂ ಅದನ್ನು ಹೇಳುತ್ತಿರುತ್ತೇನೆ.

ಇಂದು ಮಣಿಪಾಲದ ಆಸ್ಪತ್ರೆಯಲ್ಲಿ ಕೀಮೋಗೆ ಕಾಯುತ್ತಿದ್ದೆ. ಒಂದು ಪಕ್ಕದಲ್ಲಿ ಅಮ್ಮ. ಇನ್ನೊಂದು ಪಕ್ಕದಲ್ಲಿ ಮಲ್ಪೆಯ ಬೋಟಿನಲ್ಲಿ ದುಡಿದಿದ್ದ ಹಿರಿಯರೊಬ್ಬರು. ಅವರಿಗೂ ಇದೇ ಕಾಯಿಲೆ.

"ನಿಮಗೆ ಅಭ್ಯಾಸ ಉಂಟಾ, ಬೀಡಿ ಗೀಡಿ?" ಎಂದು ಕೇಳಿದರು.

"ಛೆ! ನಮ್ಮ ಮನೆಯಲ್ಲಿ ಬೀಡಿಯನ್ನು ಕೈಯಲ್ಲಿ ಮುಟ್ಟಿದವರೇ ಇಲ್ಲ," ಎಂದೆ, ಕಾಯುತ್ತಿದ್ದ ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವರು ತಲೆ ತಗ್ಗಿಸಿದರು. "ನಾನು ತುಂಬಾ ಸೇದಿದೆ ಮಾರಾಯ್ರೇ. ನನಗೆ ಬರಬೇಕಾದದ್ದೇ."

ಆಗ ಅಮ್ಮ ನನ್ನನ್ನು ದಾಟಿ ಅವರ ಕಡೆ ಬಾಗಿದರು. "ಎಂತಕ್ಕೆ ಹಾಗೆ ಹೇಳುವುದು ಅಣ್ಣಾ? ನಾನು ಕಾರ್ಕಳದಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಇವನನ್ನು ಓದಿಸಿದ್ದು ಅದರಲ್ಲೇ. ನೀವು ಸೇದಿದ್ದರಲ್ಲಿ ನಾನು ಕಟ್ಟಿದ್ದೂ ಇರಬಹುದು."

ಶಾಲೆಯಿಂದ ಬಂದು ಅಮ್ಮನಿಗೆ ಎಲೆ ಕತ್ತರಿಸಿ ಕೊಡುತ್ತಿದ್ದವನು, ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ.

ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಅವರಿಬ್ಬರೂ ಹಿಂದಿನ ಎಲೆ, ಈಗಿನ ಎಲೆ, ಹೊಗೆಸೊಪ್ಪಿನ ಘಾಟು ಎಂದು ಮಾತಿಗಿಳಿದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಚಹಾ ತರುತ್ತೇನೆ," ಎಂದು ಎದ್ದೆ. ಕಾಯಿಲೆ ಬಂದ ಮೇಲೆ ನಾನು ಅಷ್ಟು ಬೇಗ ನಡೆದದ್ದು ಇದೇ ಮೊದಲು.