ಎರಡು ದೇಶಕ್ಕೆ ಒಂದೇ ಅಂಚು

“ಅಣ್ಣಾ, ಚೀನಾದ ಗೆರಿ ಯಾಕ ಮ್ಯಾಲ ಒಯ್ದಿ?”

ತಂಗಿ ಕಾಲೇಜಿನಿಂದ ಬಂದವಳೇ ಹಾಳೆಯನ್ನು ಮಗ್ಗದ ಮೇಲೆ ಒಗೆದಳು. ನಾನು ಲಾಳಿ ನಿಲ್ಲಿಸಿದೆ.

“ಕೆಳಗ ಬಿದ್ದಿತ್ತು. ಎತ್ತಿ ಸರಿ ಮಾಡೇನಿ.”

“ಬೀಳಬೇಕಾಗಿತ್ತೋ ಅದು! ಅಲ್ಲಿ ದುಡಿಯೋ ಮಂದಿ ಕಡಿಮಿ ಆಗಾಕತ್ತಾರ. ಇಡೀ ಕ್ಲಾಸು ನಗಾಕತ್ತಿತ್ತು.”

ಆದದ್ದು ಇಷ್ಟು. ಭಾರತ ಮತ್ತು ಚೀನಾದಲ್ಲಿ ದುಡಿಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ಅವಳು ಗೆರೆ ಎಳೆದು ತೋರಿಸಬೇಕಿತ್ತು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಆದರೆ ಚೌಕದ ಹಾಳೆಯ ಮೇಲೆ ಸೀರೆಯ ಬುಟ್ಟಾ ಬರೆಯುವುದರಲ್ಲಿ ಬೆಟಗೇರಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವಳು ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು ಕೊಟ್ಟಳು, ನಾನು ಪೆನ್ನಿನಲ್ಲಿ ಗೆರೆ ಎಳೆದೆ. ಕೊನೆಯಲ್ಲಿ ನಮ್ಮ ಗೆರೆ ಏರುತ್ತಿತ್ತು, ಚೀನಾದ್ದು ಬಾಗುತ್ತಿತ್ತು. ಒಂದು ಅಂಚು ಏರಿ ಇನ್ನೊಂದು ಇಳಿದ ಸೀರೆಯನ್ನು ಯಾರು ಕೊಳ್ಳುತ್ತಾರೆ? ಚುಕ್ಕಿ ಅಳಿಸಿ ಎರಡನ್ನೂ ಜೋಡಿ ಮಾಡಿದೆ. ಬೆಳಿಗ್ಗೆ ಅವಳು ಬಿಚ್ಚಿಯೂ ನೋಡದೆ ಆಟೊ ಹಿಡಿಯಲು ಓಡಿದಳು.

ಮರುದಿನ ಹತ್ತು ಗಂಟೆಗೆ ಹೊಸದು ಕೊಡದಿದ್ದರೆ ಫೇಲು. ಆಗಲೇ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಕಾಲೇಜು ಬಿಡಿಸಿ ನೂಲು ಸುತ್ತುವ ರಾಟೆಗೆ ಕೂರಿಸುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದ.

“ಫೇಲಾದ್ರ ಆಗಲಿ ಬಿಡು,” ಅಪ್ಪ ಪಕ್ಕದ ಮಗ್ಗದಿಂದ ಅಂದ. “ನಮ್ಮ ದೇಶದ ಗೆರಿ ಒಂದ್ ಆಳಿನಷ್ಟು ಏರ್ತೈತಿ.”

ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. “ಮೂವತ್ತು ವರ್ಷ ಆತು ನಾ ಇಲ್ಲಿ ಕುಂತು. ಆ ಗೆರ್ಯಾಗ ನಾ ಎಲ್ಲದೀನಿ?”

“ಯಾರ್ ಏನ್ ದುಡೀತಾರ ಅಂತ ಸರಕಾರದವರು ಮನಿ ಮನಿ ಬರಕೊಳ್ಳಾಕ ಬಂದಿದ್ರಲ್ಲ, ಅವರ ಮುಂದ ಅಣ್ಣ ಏನ್ ಹೇಳ್ಯಾನ ಕೇಳು,” ಅಂದಳು ತಂಗಿ.

‘ಅವ್ವ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ’ ಎಂದಿದ್ದೆ. ಆವತ್ತು ಬಂದವರಿಗೆ ಚಹಾ ಮಾಡಲು ಅವ್ವ ರಾಟೆ ಬಿಟ್ಟು ಎದ್ದಿದ್ದಳು. ಸುತ್ತಿದ ನೂಲಿಲ್ಲದೆ ನನ್ನ ಮಗ್ಗ ನಿಂತಿತ್ತು. ಆ ಸಿಟ್ಟಿನಲ್ಲಿ ಹೇಳಿದ್ದು.

“ಏನೂ ಮಾಡಂಗಿಲ್ಲ? ಆತು.” ಅವ್ವ ಸೆರಗು ಕೊಡವಿ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು.

ಅರ್ಧ ತಾಸಿನಲ್ಲಿ ಲಾಳಿಗಳಲ್ಲಿ ನೂಲು ಮುಗಿದು ಎರಡೂ ಮಗ್ಗ ನಿಂತವು. ಅಪ್ಪ ರಾಟೆಗೆ ಕುಳಿತ. ನೂಲು ಹರಿಯಿತು. ಗಂಟು ಹಾಕಿದ. ಮತ್ತೆ ಹರಿಯಿತು. ಮೂರನೆಯ ಸಲ ಬೆರಳಿಗೇ ಸುತ್ತಿಕೊಂಡಿತು.

“ಏನ್ರಿ, ದೇಶದ ಗೆರಿ ಏರಾಕತ್ತೈತೇನು?” ಅವ್ವ ಕಟ್ಟೆಯಿಂದಲೇ ಕೇಳಿದಳು.

ಅಪ್ಪ ಬೆರಳು ಬಿಡಿಸಿಕೊಳ್ಳುತ್ತ ತಂಗಿಯನ್ನು ನೋಡಿದ. “ಓದು ಹೋಗವಾ. ಇದು ಫೇಲಾದವರ ಕೈಲೆ ಆಗೂ ಕೆಲಸ ಅಲ್ಲ.”

ಆಗ ಅವ್ವ ಒಳಗೆ ಬಂದಳು.

ಅವಳು ಸುತ್ತುವವರೆಗೆ ಮಗ್ಗ ಹೇಗೂ ನಿಂತಿತ್ತು. ಹೊಸ ಹಾಳೆ ತೆಗೆದೆ. ತಂಗಿ ಬುಟ್ಟಾ ಹೇಳಿಕೊಟ್ಟಂತೆ ಒಂದೊಂದೇ ಚೌಕ ಎಣಿಸಿ ಹೇಳಿದಳು. ಚೀನಾ ಇಳಿಯುವಲ್ಲಿ ನನ್ನ ಕೈ ಮತ್ತೆ ಮೇಲಕ್ಕೇ ಹೋಯಿತು. ಅವಳು ಮಣಿಕಟ್ಟು ಹಿಡಿದು ಕೆಳಗೆ ಎಳೆದಳು.

ಪಾಸಾದಳು. ಅವ್ವ ಇನ್ನೂ ಗೆರೆಯೊಳಗೆ ಬಂದಿಲ್ಲ. ಮತ್ತೆ ಯಾರಾದರೂ ಬರೆದುಕೊಳ್ಳಲು ಬಂದರೆ ಉತ್ತರ ಅವಳೇ ಕೊಡುತ್ತಾಳೆ, ಚಹಾ ನಾನು ಮಾಡುತ್ತೇನೆ. ಇನ್ನು ಹೇಳುವುದು ಏನೂ ಇಲ್ಲ.