ಇಂಜಿನ್ ಆಫ್ ಮಾಡಿಸುವ ವಕೀಲರು

ಅಮೆರಿಕದ ಜಾರ್ಜಿಯಾ ರಾಜ್ಯದ ನಮ್ಮೂರಿನಲ್ಲಿ ಬಡವರಿಗೆ ಸರ್ಕಾರ ಕೊಡುವ ವಕೀಲರು ಲೆಮ್ಯುಯೆಲ್ ಪ್ರುಯಿಟ್. ಕಾರಿನಲ್ಲಿ ಸುಮ್ಮನೆ ಕೂತು ಕೊಲೆಗಾರರಾದವರೆಲ್ಲ ಅವರ ಪಾಲಿಗೇ ಬರುತ್ತಾರೆ, ನನ್ನ ಮೊಮ್ಮಗಳು ಜನೀಶಾ ಬಂದದ್ದೂ ಹಾಗೇ. ಸಿಗರೇಟು ತರುತ್ತೇನೆಂದು ಇಳಿದ ಅವಳ ಗೆಳೆಯ ಗಲ್ಲಾಕ್ಕೆ ಕೈಹಾಕಿ, ಅಂಗಡಿಯವನನ್ನು ತಳ್ಳಿ ಸಾಯಿಸಿದ; ಹೊರಗೆ ಕಾರಿನಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಿದ್ದ ಇವಳ ಮೇಲೂ ಅದೇ ಕೊಲೆ ಕೇಸು. ಕಳ್ಳತನದಲ್ಲಿ ಯಾರಾದರೂ ಸತ್ತರೆ ಜೊತೆಗೆ ಬಂದವರೂ ಕೊಲೆಗಾರರೇ ಅನ್ನುತ್ತದೆ ಇಲ್ಲಿನ ಕಾನೂನು, ತಪ್ಪು ಸಾಬೀತಾದರೆ ಜೀವಾವಧಿಯಂತೆ! ಯಾವ ಸೀಮೆಯ ನ್ಯಾಯವಪ್ಪಾ ಇದು? ಪ್ರುಯಿಟ್ ಅವರಂತೂ ಚರ್ಚಿನ ಊಟದಲ್ಲೂ ಈ ವಾದ ಬಿಡುವುದಿಲ್ಲ. ನಾನು ಜೋಳದ ಹಿಟ್ಟು ಹಚ್ಚಿ ಕರಿದ ಮೀನನ್ನೇ ಕಾರು ಮಾಡಿ, ಉಪ್ಪಿನ ಡಬ್ಬಿಯನ್ನು ಅಂಗಡಿ ಮಾಡಿ, "ಇಲ್ಲಿಂದ ಒಳಗಿಂದು ಕಾಣುತ್ತೇನ್ರೀ? ಕಳ್ಳತನಾನೇ ಗೊತ್ತಿಲ್ದೋಳು ಕೊಲೇಲಿ ಹೆಂಗೆ ಪಾಲುದಾರಳು?" ಎಂದು ಪಾದ್ರಿಯನ್ನೇ ದಬಾಯಿಸುತ್ತಾರೆ. "ತಣ್ಣಗಾಯ್ತು, ತಿನ್ನಪ್ಪಾ" ಅಂದರೆ, "ಸಾಕ್ಷೀನ ತಿನ್ಬಾರ್ದು, ಮಿಸ್ ಓಡೆಲಾ" ಅನ್ನುತ್ತಾರೆ. ನಿಂತ ಕಾರಿನ ಇಂಜಿನ್ ಓಡುತ್ತಿದ್ದರೆ, ಯಾರದೇ ಇರಲಿ, ಕಿಟಕಿ ಬಡಿದು ಆಫ್ ಮಾಡಿಸುತ್ತಾರೆ. ಊರೆಲ್ಲ ನಗುತ್ತದೆ, ನಾನೂ ನಕ್ಕವಳೇ. ನಿನ್ನೆ ಜನೀಶಾಳ ತೀರ್ಪಿಗೆ ಜ್ಯೂರಿಯವರು ಒಳಗೆ ಕೂತಾಗ ನಾನೂ ಪ್ರುಯಿಟ್ ಅವರೂ ಕೋರ್ಟಿನ ಹೊರಗೆ ನನ್ನ ಕಾರಿನಲ್ಲಿ ಕಾಯುತ್ತಿದ್ದೆವು. ಚಳಿ ತಡೆಯದೆ ಹೀಟರಿಗೆಂದು ಕೀಲಿ ತಿರುಗಿಸಹೋದೆ. ಅವರು ಗಬಕ್ಕನೆ ನನ್ನ ಕೈ ಹಿಡಿದುಕೊಂಡರು. "ಬೇಡಿ, ಮಿಸ್ ಓಡೆಲಾ. ನನ್ನ ತಂಗೀನೂ ಚಳಿ ಅಂತಲೇ ಇಂಜಿನ್ ಹಾಕ್ಕೊಂಡು ಕೂತಿದ್ದು. ಕಳ್ಳರ ಜೊತೆ ಪರಾರಿ ಆಗೋಕೆ ರೆಡಿ ಇದ್ಲು ಅಂತ ಕೋರ್ಟಲ್ಲಿ ಅಂದ್ರು. ಇಪ್ಪತ್ತಾರು ವರ್ಷ ಆಯ್ತು, ಇನ್ನೂ ಜೈಲಲ್ಲೇ ಇದಾಳೆ." ಜ್ಯೂರಿ ಇನ್ನೂ ಹೊರಬಂದಿಲ್ಲ, ಇವತ್ತೂ ನಾವಿಬ್ಬರು ಅದೇ ಕಾರಿನಲ್ಲಿ ಒಂದೇ ಕಂಬಳಿ ಹೊದ್ದು, ಇಂಜಿನ್ ಆಫ್ ಮಾಡಿಕೊಂಡೇ ಕಾಯುತ್ತಿದ್ದೇವೆ.